ಮುಗಿಸಬಾರದ ಪಟ

ಯಶಸ್ಸು ಬಂದರೆ ಅದರ ಬೆನ್ನಿಗೇ ಟಪಾಲೂ ಬರುತ್ತದೆ ಎಂದು ನನಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ. ನಾನು ಯಶಸ್ವಿ ಎಂಬುದು ಬಡಾಯಿಯ ಮಾತಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳಲ್ಲಿ ನಾಲ್ಕು ಜನ ಗುರುತಿಸುವಂಥ ಯಾವ ಮನೆಗಾದರೂ ಹೋಗಿ ಪಡಸಾಲೆಯ ಗೋಡೆ ನೋಡಿರಿ. ರುಮಾಲು ಸುತ್ತಿ, ಕರಿಕೋಟು ತೊಟ್ಟ ಹಿರಿಯರೊಬ್ಬರು ನಿಮ್ಮನ್ನೇ ನೋಡುತ್ತಿರುತ್ತಾರೆ. ನೀವು ಸರಿದ ಕಡೆಗೆ ಅವರ ಕಣ್ಣೂ ಸರಿದರೆ, ಕೆಳಗೆ ಚೌಕಟ್ಟಿನಲ್ಲಿ ಅರ್ಧ ಮುಚ್ಚಿಹೋದ ಸಹಿ ನನ್ನದು. ಫೋಟೋ ಈಗ ಎಲ್ಲರ ಕಿಸೆಯಲ್ಲೂ ಇರುತ್ತದೆ. ಕೈಯಿಂದ ಬರೆಸಿದ ಪಟ ಗೋಡೆಯ ಮೇಲಿದ್ದರೆ ಮಾತ್ರ ಮನೆತನ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಆ ನಂಬಿಕೆಯೇ ನನ್ನನ್ನೂ ನನ್ನ ಹೆಂಡತಿ ಶಾಂತಾಳನ್ನೂ ಸಾಕಿದೆ.

ಆದರೆ ಪಟ ಚೆನ್ನಾಗಿದೆ ಎಂದು ಹೇಳಲು ಯಾರೂ ಕಾಗದ ಬರೆಯುವುದಿಲ್ಲ. ನಾನು ಹುಟ್ಟಾ ಅಂಜುಬುರುಕ. ಪೋಸ್ಟಿನವನ ಮೋಟಾರು ಸೈಕಲ್ಲಿನ ಸದ್ದು ಕೇಳಿದರೆ ಹಿತ್ತಲಿಗೆ ಜಾರುತ್ತೇನೆ. ಅದಕ್ಕೇ ಶಾಂತಾ ಎಲ್ಲ ಕಾಗದಗಳನ್ನೂ ಮೊದಲು ತಾನು ಓದಿ, ನನ್ನ ಜೀವ ತಡೆಯುವಂಥವನ್ನು ಮಾತ್ರ ಕೈಗೆ ಕೊಡುತ್ತಾಳೆ. ನರಗುಂದದ ಒಬ್ಬ ಜಮೀನ್ದಾರರ ಮಗ ಬರೆದಿದ್ದರು: ‘ಅಪ್ಪನವರ ಪಟ ಮುಟ್ಟಿತು. ಮೂಗು, ಮೀಸೆ ಎಲ್ಲ ಬರಾಬರಿ. ಆದರೆ ಅಪ್ಪ ಇಷ್ಟು ಸೌಮ್ಯವಾಗಿ ಯಾರನ್ನೂ ನೋಡಿದವರಲ್ಲ. ಮನೆಯ ಆಳುಗಳು ಪಟದ ಮುಂದೆಯೇ ಬೀಡಿ ಸೇದುತ್ತಿದ್ದಾರೆ. ದಯಮಾಡಿ ಸ್ವಲ್ಪ ಸಿಟ್ಟು ಸೇರಿಸಿಕೊಡಬೇಕು.’ ಹುಬ್ಬಿನ ನಡುವೆ ಎರಡು ಗೆರೆ ಎಳೆದುಕೊಟ್ಟೆ. ಬೀಡಿ ನಿಂತಿತಂತೆ.

ಎಲ್ಲವೂ ನಗುವಂಥವಲ್ಲ. ಕೊಣ್ಣೂರಿನ ಒಬ್ಬ ಹೆಣ್ಣುಮಗಳು, ಹೊಳೆ ಬಂದು ಮನೆಗೆ ನುಗ್ಗಿದಾಗ ನೀರು ಗೋಡೆಯ ಮೇಲಿದ್ದ ಅಪ್ಪನ ಎದೆಮಟ್ಟಕ್ಕೆ ಬಂದು ನಿಂತಿತೆಂದೂ, ಮುಖವನ್ನು ಮಾತ್ರ ಮುಟ್ಟಲಿಲ್ಲವೆಂದೂ ಬರೆದಿದ್ದಳು. ‘ಅಪ್ಪಗ ಈಜು ಬರ್ತಿರಲಿಲ್ಲರಿ. ಆದ್ರೂ ನಾವು ತಿರುಗಿ ಬರೂತನಕ ಅಂವ ಒಬ್ಬನ ಮನಿ ಕಾಯ್ದಾನ. ಅಂಗಿ ಅಷ್ಟ ಹೊಸಾದು ಬರದು ಕೊಡ್ರಿ.’ ಇನ್ನೊಬ್ಬರು ತಾಯಿಯ ಕಿವಿಗೆ ಬುಗುಡಿ ಬರೆಯಿರೆಂದರು. ಬದುಕಿದ್ದಾಗ ಮಾಡಿಸಿ ಹಾಕಲಾಗಿರಲಿಲ್ಲವಂತೆ. ಒಂದು ಹರಳು ಹೆಚ್ಚೇ ಕೂಡಿಸಿ ಬರೆದೆ.

ಇಂಥ ನನ್ನ ಬಳಿಗೆ ರೋಣದ ಕಡಲೆ ವ್ಯಾಪಾರಿ ಬಸಲಿಂಗಪ್ಪ ಸಾಹುಕಾರರು ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬಂದರು. ಎಂಬತ್ತು ದಾಟಿದ, ನೆಟ್ಟಗಿನ ಬೆನ್ನಿನ ಮನುಷ್ಯ. ನನ್ನ ಕೋಣೆಯ ಕುರ್ಚಿಯಲ್ಲಿ ಕೂತು ಕೋಟು ಜಗ್ಗಿ ಸರಿಮಾಡಿಕೊಂಡು, “ಹೂಂ, ಬರೀರಿ” ಎಂದರು.

“ಯಾರನ್ನರಿ?” ಎಂದೆ.

“ನನ್ನ ಬಿಟ್ಟು ಇಲ್ಲಿ ಯಾರ ಕುಂತಾರ?”

ನಾನು ತಬ್ಬಿಬ್ಬಾದೆ. ನಮ್ಮ ಕಡೆ ಪಡಸಾಲೆಯ ಸಾಲಿನಲ್ಲಿ ತೂಗುವವರೆಲ್ಲ ಕಾಲವಾದವರು. ಬದುಕಿದ್ದವರು ಕೆಳಗೆ ಕೂತು ಚಹಾ ಕುಡಿಯಬೇಕು, ಹೋದವರು ಮೇಲಿನಿಂದ ನೋಡಬೇಕು; ಈ ಏರ್ಪಾಡನ್ನು ಯಾರೂ ಕಲೆಸಲು ಹೋಗುವುದಿಲ್ಲ. ಇದನ್ನು ನಾನು ನಾಜೂಕಾಗಿ ಹೇಳಲು ತಡವರಿಸುತ್ತಿರುವಾಗ ಸಾಹುಕಾರರೇ ಬಿಡಿಸಿ ಹೇಳಿದರು: “ನೋಡ್ರಿ ಪೇಂಟರ್ರ, ನಾ ಹೋದಮ್ಯಾಲ ನಮ್ಮ ಹುಡುಗ್ರು ನಿಮಗ ಆಧಾರ್ ಕಾರ್ಡಿನ ಫೋಟೋ ತಂದು ಕೊಡ್ತಾವು. ಅದನ್ನ ನೋಡಿ ನೀವು ಬರದ್ರ, ನನ್ನ ಮೊಮ್ಮಕ್ಕಳು ಪಡಸಾಲಿಗೆ ಬರಾಕ ಅಂಜತಾವು. ನಮ್ಮಪ್ಪಂದೂ ಹಿಂಗ ಆತು. ಯಾರೋ ಬರದ್ರು, ಇವತ್ತಿಗೂ ನಾ ಕೈ ಮುಗಿಯೂದು ಯಾರಿಗೋ ಏನೋ. ಅದಕ್ಕ, ಜೀವ ಇದ್ದಾಗ ನೋಡಿಕೊಂಡು ಬರೀರಿ.”

ಆ ಮುಖವನ್ನು ಬರೆಯಲು ನನಗೂ ಕೈ ತುರಿಸುತ್ತಿತ್ತು. ಮುಖದ ಗೆರೆ ಹಾಕಿಕೊಂಡು, ಮುಂದಿನದನ್ನು ನೋಡೋಣ ಎಂದು ಕಳಿಸಿದೆ. ಅವರ ಬಸ್ಸು ರೋಣ ಮುಟ್ಟುವ ಮೊದಲೇ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಬಂದಿತ್ತು. ಸಾಹುಕಾರರ ಹೆಂಡತಿ ನೀಲವ್ವನವರದು.

“ಯಪ್ಪಾ, ನಾ ನೀಲವ್ವ ಅದೀನಿ, ರೋಣದಾಕಿ. ನಮ್ಮನಿಯವ್ರು ನಿನ್ನ ಕಡೆ ಬಂದಿದ್ರಲ್ಲ, ಆ ಪಟ ಮುಗಸಬ್ಯಾಡಪಾ. ನಮ್ಮ ಮಾವನ ಅಣ್ಣ ಹಿಂಗ ಜೀವ ಇದ್ದಾಗ ಪಟ ಮಾಡಿಸಿ, ಮೊಳಿ ಹೊಡದು ಹಾಕಿಕೊಂಡ. ಮುಂದಿನ ಯುಗಾದಿ ಕಾಣಲಿಲ್ಲ. ಪಟ ಮುಗೀತಂದ್ರ ಇವ್ರೂ ಮ್ಯಾಲ ಏರಿ ಕುಂಡ್ರತಾರ. ನನ್ನ ಕೂಡ ಜಗಳಾಡಾಕ ಆಮ್ಯಾಲ ಯಾರದಾರ ಹೇಳು? ಇವ್ರಿಗೆ ಮಾತ್ರ ಹೇಳಬ್ಯಾಡ. ಹೇಳಿದ್ರ ನನ್ನ ಕೂಡ ಈಗ ಜಗಳಾಡ್ತಾರ.”

ಅಲ್ಲಿಂದ ನನ್ನ ಪತ್ರವ್ಯವಹಾರಕ್ಕೆ ಎರಡು ಬಾಯಿ ಹುಟ್ಟಿದವು. ಸಾಹುಕಾರರು ಮೊಬೈಲು ಮುಟ್ಟಿದವರಲ್ಲ. ಅಂಗಡಿಯ ಹೆಸರು ಅಚ್ಚಾದ ಹಾಳೆಯ ಮೇಲೆ ಶ್ರೀಕಾರ ಹಾಕಿ, ‘ಉಭಯ ಕುಶಲೋಪರಿ. ಪಟವು ಎಲ್ಲಿಗೆ ಬಂದಿತು, ತಿಳಿಸುವುದು’ ಎಂದು ಬರೆಯುವವರು. ಆ ಕಾಗದ ಅಂಚೆಯಲ್ಲಿ ಬರುವಷ್ಟರಲ್ಲಿ ನೀಲವ್ವನವರ ಸಂದೇಶ ಗಾಳಿಯಲ್ಲಿ ಬಂದಿರುತ್ತಿತ್ತು: “ಇವತ್ತ ಕಾಗದಾ ಹಾಕ್ಯಾರ. ಏನರ ನೆವಾ ಹೇಳಪಾ.” ನಾನು ನೆವ ಹುಡುಕಿದೆ. ಮೋಡದಿಂದಾಗಿ ಬೆಳಕು ಸಾಲದು ಎಂದು ಬರೆದೆ. ಹುಬ್ಬಳ್ಳಿಯಿಂದ ಕಂದು ಬಣ್ಣ ಬಂದಿಲ್ಲ ಎಂದೆ. ಬಣ್ಣ ಬಂತೆಂದು ಬಾಯಿತಪ್ಪಿ ತಿಳಿಸಿದ ಮೇಲೆ, ಅದು ಒಣಗುತ್ತಿಲ್ಲ ಎಂದೆ. ಉರಿಬಿಸಿಲಿನ ದಿನಗಳಲ್ಲಿ, ಹಪ್ಪಳ ಹಾಕಿದರೆ ಮಧ್ಯಾಹ್ನಕ್ಕೇ ಒಣಗುವ ಊರಿನಿಂದ ಹೀಗೆ ಬರೆಯಲು ಎಂಥ ಎದೆಗಾರಿಕೆ ಬೇಕೆಂಬುದನ್ನು ನೀವೇ ಯೋಚಿಸಿ.

“ನಿಮ್ಮ ಬ್ರಷ್ಷಿಗೆ ಜೀವಾ ಒಯ್ಯೂ ಶಕ್ತಿ ಐತೇನ್ರಿ?” ಎಂದು ಶಾಂತಾ ನಕ್ಕಳು. “ಹಂಗಿದ್ರ ನಮ್ಮ ಅಡಗಿಮನಿ ಜೊಂಡಿಗ್ಯಾನ ಪಟ ಒಂದು ಬರೀರಿ.”

ಜಿರಲೆಯ ಮಾತಿಗೆ ನಾನು ನಗಲಿಲ್ಲ. ಇಂಥದನ್ನೆಲ್ಲ ನಂಬುವವನು ನಾನಲ್ಲ. ಆದರೆ ನಂಬದಿರುವುದು ಬೇರೆ, ಚಿಂತೆ ಮಾಡದಿರುವುದು ಬೇರೆ. ಎರಡನೆಯದು ನನಗೆ ಎಂದೂ ಸಾಧ್ಯವಾಗಿಲ್ಲ. ಪಟ ಮುಗಿಸಿದೆ, ನಾಳೆ ಎಂಬತ್ತು ದಾಟಿದ ಮನುಷ್ಯನಿಗೆ ಏನೋ ಆಯಿತು ಅನ್ನೋಣ. ನೀಲವ್ವನವರಿಗೆ ನಾನು ಯಾವ ಮುಖ ತೋರಿಸಲಿ? ಮುಗಿಸಲಿಲ್ಲ, ಆಗಲೂ ಏನೋ ಆಯಿತು ಅನ್ನೋಣ. ಸಾಹುಕಾರರು ಯಾವ ಮುಖ ಹೊತ್ತು ಗೋಡೆಯ ಮೇಲೆ ಹೋಗಬೇಕು?

ಹೀಗೆ ತೂಗಾಡುತ್ತಲೇ ನಾನು ದಿನಾ ಅಷ್ಟಿಷ್ಟು ಬರೆಯುತ್ತಲೂ ಇದ್ದೆ. ಅದು ಕೈಯ ಚಟ. ಮುಖ ಆಯಿತು, ರುಮಾಲಾಯಿತು, ಮೊಣಕಾಲ ಮೇಲಿಟ್ಟ ಕೈಗಳಾದವು. ಇಷ್ಟು ಒಳ್ಳೆಯ ಪಟವನ್ನು ನಾನು ಹಿಂದೆ ಬರೆದಿರಲಿಲ್ಲ. ಕೊನೆಗೆ ಕೋಟಿನ ಒಂದು ಗುಂಡಿ ಮಾತ್ರ ಉಳಿಯಿತು. ಅದೊಂದನ್ನು ಹಾಕದೆ ಬಿಟ್ಟರೆ ಪಟ ಮುಗಿಯಲಿಲ್ಲ ಎಂದೇ ಲೆಕ್ಕ ಎಂದು ನನಗೆ ನಾನೇ ಕಾನೂನು ಮಾಡಿಕೊಂಡೆ. ಕೆಲವು ದಿನ ತಡೆದೆ. ಒಂದು ಬೆಳಿಗ್ಗೆ ಕಿಟಕಿಯಿಂದ ಬಂದ ಬೆಳಕು ಎಷ್ಟು ಚೆನ್ನಾಗಿತ್ತೆಂದರೆ, ಎಳೆಯ ಹುಡುಗರು ಬೆಲ್ಲದ ಡಬ್ಬಿಗೆ ಕೈ ಹಾಕುವ ಹಾಗೆ, ಅತ್ತಿತ್ತ ನೋಡಿ ಗುಂಡಿ ಹಾಕಿಯೇಬಿಟ್ಟೆ.

ಊಟಕ್ಕೆ ಕೂತಾಗ ಫೋನು ಸದ್ದು ಮಾಡಿತು.

“ಯಪ್ಪಾ... ಇವ್ರಿಗೆ ಮುಂಜಾನಿಂದ ಜ್ವರಾ. ಉಸಿರು ಸಣ್ಣಗ ಹಿಡಿದೈತಿ. ಗದಗಿನ ದವಾಖಾನಿಗೆ ಹೊಂಟೀವಿ. ನೀ ಪಟ ಮುಗಿಸಿಲ್ಲ ಹೌದಿಲ್ಲೋ?”

ತುತ್ತು ಅಲ್ಲೇ ಬಿಟ್ಟು ಓಡಿದೆ. ಎಂಜಲುಗೈಯಲ್ಲೇ ಬಟ್ಟೆಯನ್ನು ಟರ್ಪಂಟೈನಿನಲ್ಲಿ ಅದ್ದಿ, ಹಸಿ ಇದ್ದ ಆ ಗುಂಡಿಯನ್ನು ತಿಕ್ಕಿ ಒರೆಸಿದೆ. ಬೆನ್ನ ಹಿಂದೆ ಬಂದು ನಿಂತ ಶಾಂತಾ ಈ ಸಲ ನಗಲಿಲ್ಲ. “ಅಲ್ಲಿ ಅಂಚಿನ್ಯಾಗ ಇನ್ನೂ ಒಂಚೂರು ಉಳದೈತ್ರಿ” ಎಂದು ಬೆರಳು ಮಾಡಿ ತೋರಿಸಿದಳು. ಆಮೇಲೆ ನಾನೇ ನೀಲವ್ವನವರಿಗೆ, “ಮುಗದಿಲ್ಲರಿ ಅವ್ವಾರ, ಖರೇನ ಮುಗದಿಲ್ಲ” ಎಂದು ಹೇಳಿದೆ. ಹೇಳುವ ಹೊತ್ತಿಗೆ ಅದು ಖರೆಯೇ ಆಗಿತ್ತು.

ದವಾಖಾನೆಯಲ್ಲಿ ಅವರಿದ್ದ ದಿನಗಳಲ್ಲಿ ನಾನು ಕುಂಚ ಮುಟ್ಟಲಿಲ್ಲ. ಅಂಗಡಿಯ ಹೆಸರಿನ ಹಾಳೆ ಇಲ್ಲದ ಟಪಾಲು ನೋಡಿ, ಇಷ್ಟು ವರ್ಷ ಕಾಗದ ಬಂತೆಂದು ಅಂಜುತ್ತಿದ್ದವನು ಕಾಗದ ಬರಲಿಲ್ಲವೆಂದು ಅಂಜಿದೆ. ಕಡೆಗೊಮ್ಮೆ ನೀಲವ್ವನವರ ಧ್ವನಿ ಬಂತು: “ಇವತ್ತ ಗಂಜಿಗೆ ಉಪ್ಪು ಕಮ್ಮಿ ಅಂತ ಒದರ್ಯಾಡಿದ್ರಪಾ.” ಅದರಲ್ಲಿ ಎಷ್ಟು ಸಂತೋಷವಿತ್ತೆಂದರೆ ನಾನು ಅದನ್ನು ಶಾಂತಾಳಿಗೆ ಮತ್ತೆ ಮತ್ತೆ ಕೇಳಿಸಿದೆ.

ಸ್ವಲ್ಪ ದಿನದ ಮೇಲೆ, ಮುಂಚಿತವಾಗಿ ಒಂದು ಮಾತೂ ತಿಳಿಸದೆ, ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದಿಳಿದರು. ಸಾಹುಕಾರರು ಸೊರಗಿದ್ದರು, ಆದರೆ ಬೆನ್ನು ಬಾಗಿರಲಿಲ್ಲ. ಪಟದ ಮುಂದೆ ಬಹಳ ಹೊತ್ತು ನಿಂತರು. “ಹೌದು, ನಾನ ಅದೀನಿ” ಎಂದರು. ಆಮೇಲೆ, ಕಡಲೆಯ ರಾಶಿಯಲ್ಲಿ ಹುಳ ಹಿಡಿದ ಕಾಳು ಕಂಡವರಂತೆ ಬಗ್ಗಿ, “ಇಲ್ಲೊಂದು ಗುಂಡಿ ಇತ್ತಲ್ಲ? ಒರಸಿದ ಗುರುತೈತಿ” ಎಂದರು.

ನಾನು ನೀಲವ್ವನವರ ಮುಖ ನೋಡಿದೆ. ಅವರು ಕಿಟಕಿಯಿಂದ ಗುಡ್ಡದ ಮೇಲಿನ ಕೋಟೆ ನೋಡತೊಡಗಿದ್ದರು.

“ಏ, ಇತ್ತಾಗ ನೋಡು,” ಎಂದರು ಸಾಹುಕಾರರು. “ನೀ ಫೋನಿನ್ಯಾಗ ಗುಟ್ಟು ಮಾತಾಡೂದು ಅರ್ಧಾ ಪ್ಯಾಟಿಗೆ ಕೇಳತೈತಿ. ನಮ್ಮ ಹಮಾಲರೂ ನನ್ನ ಕೇಳತಾರ, ಸಾಹುಕಾರ್ರ, ಪಟ ಮುಗದಿಲ್ಲ ಹೌದಿಲ್ಲರಿ ಅಂತ.”

“ಮತ್ತ ಗೊತ್ತಿದ್ದೂ ಯಾಕ ಕಾಗದಾ ಬರದ್ರಿ?” ನೀಲವ್ವ ತಿರುಗಿಬಿದ್ದರು.

“ಇಂವ ಇನ್ನೂ ಏನೇನು ನೆವಾ ಹೇಳತಾನ ನೋಡೂನು ಅಂತ.”

ಆಕೆಗೆ ನಗು ಬರಲಿಲ್ಲ. ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ಸಾಹುಕಾರರು ನನ್ನತ್ತ ತಿರುಗಿ, “ಪೇಂಟರ್ರ, ಗುಂಡಿ ಇಲ್ಲಂದ್ರ ಇದು ಮುಗದಂಗ ಅಲ್ಲ, ಹೌದಿಲ್ಲೋ?” ಎಂದು ಕೇಳಿದರು.

“ಮುಗದಂಗ ಅಲ್ಲರಿ.”

“ಹಂಗಾದ್ರ ಹಿಂಗ ಒಯ್ಯತೀವಿ. ಪಡಸಾಲ್ಯಾಗ ಬ್ಯಾಡ, ಅಡಗಿಮನ್ಯಾಗ ಇಕಿ ಕಣ್ಣಿಗೆ ಕಾಣೂವಂಗ ಇಡೂನು. ಗುಂಡಿ ಆಮ್ಯಾಲ ಹಾಕ್ರಿ. ಯಾವಾಗ ಅನ್ನೂದು ನಿಮಗ ತಿಳೀತೈತಿ.” ಬಾಗಿಲ ತನಕ ಹೋದವರು ಏನೋ ಹೊಳೆದಂತೆ ನಿಂತರು. “ಬ್ಯಾರೆಯವ್ರ ಕೈಲೆ ಹಾಕಸಂಗಿಲ್ಲ ಮತ್ತ. ನಿಮಗ ವಯಸ್ಸೆಷ್ಟು?”

“ಐವತ್ತಾರ್ರಿ.”

“ಸಕ್ಕರಿ?”

“ಐತ್ರಿ.”

“ಬಿಪಿ?”

“ಅದೂ ಐತ್ರಿ.”

ಸಾಹುಕಾರರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಇಷ್ಟು ವರ್ಷ ಗಿರಾಕಿಗಳ ಮುಖವನ್ನು ನಾನು ಹಾಗೆ ನೋಡಿದವನು. ನನ್ನನ್ನು ಯಾರೂ ನೋಡಿರಲಿಲ್ಲ. “ನೀಲಾ,” ಎಂದರು ಮೆಲ್ಲಗೆ, “ಇಂವನ ಮ್ಯಾಲ ಲಕ್ಷ್ಯ ಇಡಬೇಕಾಗತೈತಿ.”

ಈಗ ದಿನ ಬೆಳಗಾದರೆ ನೀಲವ್ವನವರ ಸಂದೇಶ: “ಯಪ್ಪಾ, ಗುಳಗಿ ನುಂಗಿದ್ಯೇನು? ತಿರಗಾಡಾಕ ಹೋಗಿದ್ಯೇನು?” ಅಂಗಡಿಯ ಹಾಳೆಯ ಮೇಲೆ ಸಾಹುಕಾರರ ಅಪ್ಪಣೆ: ‘ಉಭಯ ಕುಶಲೋಪರಿ. ಚಹಾಕ್ಕೆ ಸಕ್ಕರೆ ಹಾಕತಕ್ಕದ್ದಲ್ಲ.’ ನನಗಿಂತ ಗಟ್ಟಿಯಾದ ಒಬ್ಬ ಮನುಷ್ಯನಿಗಿಂತ ಹೆಚ್ಚು ಕಾಲ ಬದುಕುವ ಜವಾಬ್ದಾರಿ ಹೊತ್ತು ನಾನು ಮುಂಜಾನೆ ಗುಡ್ಡ ಹತ್ತುತ್ತೇನೆ, ಏದುಸಿರು ಬಿಡುತ್ತಾ ಇಳಿಯುತ್ತೇನೆ. “ನಾ ಇಷ್ಟು ವರ್ಷ ಬಡಕೊಂಡ್ರೂ ಕೇಳಲಿಲ್ಲ, ಒಂದು ಗುಂಡಿ ಸಲುವಾಗಿ ಕೇಳತೀರಿ” ಎಂದು ಶಾಂತಾ ಅನ್ನುತ್ತಾಳೆ. ಅವಳು ಈಗ ಅವರ ಕಡೆಯ ವರದಿಗಾರ್ತಿ.

ಮೊನ್ನೆ ನರಗುಂದದ ಮದುವೆಯಿಂದ ಬಂದ ಮಾರನೆಯ ದಿನ ಅವಳು ನನ್ನ ಕೈಯಿಂದ ಫೋನು ಕಸಿದುಕೊಂಡು, “ಅವ್ವಾರ, ಇವ್ರು ನಿನ್ನೆ ಎರಡು ಹೋಳಿಗಿ ತಿಂದಾರ” ಎಂದು ಚಾಡಿ ಹೇಳಿಬಿಟ್ಟಳು. ಉತ್ತರ ಬಂತು. ಮೊಬೈಲು ಮುಟ್ಟದ ಸಾಹುಕಾರರ ಬದುಕಿನ ಮೊದಲ ಧ್ವನಿ ಸಂದೇಶ.

“ಪೇಂಟರ್ರ, ನಾ ಬಸಲಿಂಗಪ್ಪ. ಎರಡು ಹೋಳಿಗಿ ತಿಂದ್ರಂತ. ನನ್ನ ಗುಂಡಿ ಗತಿ ಏನಂತ ಮಾಡೀರಿ?” ಆಮೇಲೆ ಬಹಳ ಹೊತ್ತು ಬರೀ ಉಸಿರಾಟ. ಹಿಂದಿನಿಂದ ನೀಲವ್ವನವರ ದನಿ: “ಫೋನಿನ ಮ್ಯಾಲಿಂದ ಬಟ್ಟ ತಗೀರಿ ಇನ್ನ, ಮುಗೀತದು.” ಅದಕ್ಕೆ ಸಾಹುಕಾರರು: “ತಡಿಯ, ಅಂವ ಇನ್ನೂ ಏನೂ ಅಂದಿಲ್ಲ.”

ಏನೆನ್ನಲಿ? ತಪ್ಪಾಯಿತೆಂದು ಒಪ್ಪಿಕೊಂಡು ಉತ್ತರ ಕಳಿಸಿದೆ. ತಿಂದದ್ದು ನಾಲ್ಕು ಎಂಬುದನ್ನು ಮಾತ್ರ ಹೇಳಲಿಲ್ಲ. ಆ ವಯಸ್ಸಿನಲ್ಲಿ ಅವರು ಅಷ್ಟೊಂದು ಚಿಂತೆ ಮಾಡಬಾರದು.