ಸಿನಿಮಾದಲ್ಲಿಲ್ಲದ ಅಜ್ಜಿ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ಕತ್ತೆ ನಾನೇ. ಕೆಲವರು ಓದುಗರನ್ನು ಕೊನೆಯವರೆಗೆ ಕಾಯಿಸಿ, ಆಮೇಲೆ 'ತಪ್ಪು ನನ್ನದೇ ಆಗಿತ್ತು' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಪಕ್ಕದ ಫ್ಲ್ಯಾಟಿನ ಚೀನೀ ಅಜ್ಜಿಯನ್ನು ಅಣಕಿಸಿದೆ, ಅವರ ಕೈಗೇ ಸಿಕ್ಕಿಬಿದ್ದೆ, ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳಿದೆ, ಆ ಸುಳ್ಳನ್ನು ನಿಜ ಮಾಡಲು ಸಿನಿಮಾ ಟಿಕೆಟನ್ನೂ ನಾನೇ ತೆಗೆದೆ. ಇನ್ನು ವಿವರಗಳು ಮಾತ್ರ ಬಾಕಿ.

ಅಣಕು ನನಗೆ ಕೆಮ್ಮಿನ ಹಾಗೆ; ತಡೆದಷ್ಟೂ ಜೋರಾಗಿ ಬರುತ್ತದೆ. ಊರಲ್ಲಿ, ಅಂದರೆ ಸುರತ್ಕಲ್ಲಿನಲ್ಲಿ, ಡ್ರಿಲ್ ಮಾಸ್ತರರ ಸೀಟಿಯಿಂದ ಶುರುವಾದದ್ದು ಈಗ ಗಲ್ಫಿಗೆ, ಅಲ್ ಬರ್ಷಾದ ಆಫೀಸಿನವರೆಗೆ ಬಂದು ನಿಂತಿದೆ. ನಮ್ಮ ಮ್ಯಾನೇಜರು 'ಯಲ್ಲಾ, ಯಲ್ಲಾ' ಎಂದು ಅವಸರಪಡಿಸುವುದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ, ಒಮ್ಮೆ ಪಕ್ಕದ ಕೋಣೆಯಲ್ಲಿದ್ದ ಮ್ಯಾನೇಜರೇ ಎದ್ದು ಅವಸರವಾಗಿ ಹೊರಟರು. ಮನೆಯಲ್ಲಿ ಅಣ್ಣನ ಗೊರಕೆ, ಅತ್ತಿಗೆ ಊರಿಗೆ ಫೋನ್ ಮಾಡುವಾಗ ಕಿರುಚುವುದು, ಎಲ್ಲವೂ ನನ್ನ ಸಂಗ್ರಹದಲ್ಲಿವೆ. ಕನ್ನಡಿಯ ಮುಂದೆ ಸಂಬಳ ಜಾಸ್ತಿ ಕೇಳಲು ಅಭ್ಯಾಸ ಮಾಡುವ ನನ್ನನ್ನೂ ನಾನು ಅಣಕಿಸಿದ್ದೇನೆ. ಅದಂತೂ ನೋಡಲಾಗದಷ್ಟು ಕರುಣಾಜನಕ.

ನಾವಿರುವುದು ಡಿಸ್ಕವರಿ ಗಾರ್ಡನ್ಸ್ ಎಂಬ ಫ್ಲ್ಯಾಟುಗಳ ಬಡಾವಣೆಯಲ್ಲಿ. ಒಳಗಿನ ಕೋಣೆ ಅಣ್ಣ, ಅತ್ತಿಗೆ ಮತ್ತು ಅವರ ಮಗಳು ಅಹನಾಳದ್ದು. ಹಾಲಿನ ಸೋಫಾ ನನ್ನದು. ಅಹನಾ ಇನ್ನೂ ಸರಿಯಾಗಿ ನಡೆಯುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟು ದೊಪ್ಪನೆ ಕೂರುತ್ತಾಳೆ, ನಂತರ ನಮ್ಮೆಲ್ಲರನ್ನೂ ಒಮ್ಮೆ ನೋಡಿ ಅಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾಳೆ. ಪಕ್ಕದ ಫ್ಲ್ಯಾಟಿನಲ್ಲಿ ಲೀ ಅಜ್ಜಿ, ಅವರ ಮಗಳು, ಶಾಲೆಗೆ ಹೋಗುವ ಮೊಮ್ಮಗ. ಮಗಳಿಗೆ ಚೀನೀ ಸಾಮಾನಿನ ಮಾಲ್‌ನಲ್ಲಿ ದೀಪಗಳ ಅಂಗಡಿ. ಹಾಗಾಗಿ ಹಗಲೆಲ್ಲ ಅಜ್ಜಿ ಒಬ್ಬರೇ. ಹಗಲೆಲ್ಲ ಒಬ್ಬರೇ ಇದ್ದ ಇನ್ನೊಬ್ಬರು ನಮ್ಮ ಅತ್ತಿಗೆ. ಇಬ್ಬರೂ ಹೇಗೆ ಗೆಳತಿಯರಾದರೆಂದು ನನಗೆ ಗೊತ್ತಿಲ್ಲ, ಆದರೆ ನಡುವೆ ದುಭಾಷಿಯಾಗಿದ್ದದ್ದು ಒಂದು ಫೋನು. ಅಜ್ಜಿ ಅದಕ್ಕೆ ಚೀನೀ ಭಾಷೆಯಲ್ಲಿ ಏನೋ ಹೇಳುತ್ತಾರೆ; ಅದು ವಾರ್ತೆ ಓದುವವರ ಗಾಂಭೀರ್ಯದಲ್ಲಿ, 'ಸಹೋದರಿ, ನಿಮ್ಮ ಅಡುಗೆಮನೆಯಿಂದ ಸುಟ್ಟ ವಾಸನೆ ಬರುತ್ತಿದೆ' ಎನ್ನುತ್ತದೆ. ನಮ್ಮ ಜೊತೆ 'ಎಂತ ಮಾರಾಯ' ಎನ್ನುವ ಅತ್ತಿಗೆ ಕೂಡ ಆ ಫೋನಿನ ಮುಂದೆ ಮಾತ್ರ ಕನ್ನಡ ಪಂಡಿತರಂತೆ, 'ತಾವು ಊಟ ಮಾಡಿದಿರಾ?' ಎಂದು ಕೇಳುತ್ತಾರೆ.

ಈ ಗೆಳೆತನದ ಮೇಲೆಯೇ ಅತ್ತಿಗೆಯ ಕೆಲಸ ನಿಂತಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವರಿಗೆ ಸಿಕ್ಕ ಮೊದಲ ಕೆಲಸ ಅದು, ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುವುದು. ಮಧ್ಯಾಹ್ನದವರೆಗೆ ಅಹನಾಳನ್ನು ನೋಡಿಕೊಳ್ಳಲು ಲೀ ಅಜ್ಜಿ ಒಪ್ಪಿದ್ದರು. ಅತ್ತಿಗೆ ಎರಡು ಹೊಸ ಚೂಡಿದಾರ ತಂದು, ಯಾವುದನ್ನು ಮೊದಲ ದಿನ ಹಾಕುವುದೆಂದು ಮೂರು ಹೊತ್ತೂ ನಮ್ಮನ್ನು ಕೇಳುತ್ತಿದ್ದರು.

ಅದೇ ಹೊತ್ತಿಗೆ ನಾನು ಅಶ್ರಫನ ಜೊತೆ ಆ ಸಿನಿಮಾಕ್ಕೆ ಹೋದೆ. ಅಶ್ರಫ್ ಉಳ್ಳಾಲದ ಬ್ಯಾರಿ, ಇಲ್ಲಿನ ನೈಫ್ ಪೇಟೆಯಲ್ಲಿ ವಾಚಿನಂಗಡಿ ಅವನದ್ದು. ಅವನಿಗೆ ಬೇಕಿದ್ದದ್ದು ಹೊಡೆದಾಟದ ಸಿನಿಮಾ. ಟಿಕೆಟ್ ಸಿಕ್ಕದೆ ಪಕ್ಕದ ಪರದೆಗೆ ನುಗ್ಗಿದೆವು. ಅಲ್ಲಿ ನಾಯಕಿಯೇ ಒಬ್ಬ ಚೀನೀ ಮುದುಕಿ. ಯಾವುದೋ ದೂರದೇಶಕ್ಕೆ ವಲಸೆ ಹೋಗಿ, ಹಳೆ ಬಟ್ಟೆ ರಿಪೇರಿ ಮಾಡಿಕೊಂಡು ಬದುಕುವವಳು. ಅವಳ ಅಂಗಡಿಯಲ್ಲಿ ಹೊಲಿಯಲು ಕೊಟ್ಟ ಕೋಟೊಂದರ ಅಸ್ತರಿನೊಳಗೆ ಕದ್ದ ವಜ್ರಗಳಿರುತ್ತವೆ. ಹುಡುಕಿಕೊಂಡು ಬಂದ ರೌಡಿ ನೂಲಿನುಂಡೆ ತುಳಿದು, ಜಾರಿ, ಇಸ್ತ್ರಿ ಮೇಜಿಗೆ ತಲೆ ಬಡಿದು ಸಾಯುತ್ತಾನೆ. ಮುದುಕಿ ಅವನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಇಸ್ತ್ರಿಯಾದ ಕೋಟುಗಳ ನಡುವೆ ಹ್ಯಾಂಗರಿಗೆ ನೇತುಹಾಕಿ, ಮುಂದಿನ ಗಿರಾಕಿಗೆ ಬಾಗಿಲು ತೆಗೆಯುತ್ತಾಳೆ. ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಮುಂದೆ ಹ್ಯಾಂಗರುಗಳು ಸಾಲದೆ ಬರುತ್ತವೆ.

"ಎಂತ ಮಾರಾಯ ಇದು?" ಎಂದ ಅಶ್ರಫ್, "ಹಾಡಿಲ್ಲ, ಪೆಟ್ಟಿಲ್ಲ. ಇವಳು ಹೊಲೀತಾಳೆ, ಅವರು ಸಾಯ್ತಾರೆ. ಖಲಾಸ್!"

ನನಗೆ ಮಾತ್ರ ಹುಚ್ಚು ಹಿಡಿಯಿತು. ಮರುದಿನ ಸಂಜೆ ನಮ್ಮ ಮಹಡಿಯ ಮಕ್ಕಳೆಲ್ಲ ಕಾರಿಡಾರಿನಲ್ಲಿ ಆಡುತ್ತಿದ್ದರು. ಅತ್ತಿಗೆಯ ಹೊದಿಕೆ ಸುತ್ತಿಕೊಂಡು ಇಡೀ ಸಿನಿಮಾವನ್ನು ಒಬ್ಬನೇ ಆಡಿ ತೋರಿಸಲು ನಿಂತೆ. ರೌಡಿಗಳು ಸುಲಭವಾಗಿ ಬಂದರು. ಮುದುಕಿ ಮಾತ್ರ ಬರಲೊಲ್ಲಳು. ಏನೂ ಮಾಡದೆ ಸುಮ್ಮನಿರುವ ಮುಖವನ್ನು ಅಣಕಿಸುವುದು ಹೇಗೆ? ಮಕ್ಕಳು ಆಕಳಿಸತೊಡಗಿದರು. ಅಣಕಿಸುವವನಿಗೆ ಎದುರಿನ ಆಕಳಿಕೆಗಿಂತ ದೊಡ್ಡ ಅವಮಾನ ಇಲ್ಲ. ಆಗ ಕೈಗೆ ಹತ್ತಿರ ಸಿಕ್ಕ ಮುದುಕಿಯನ್ನು ಎತ್ತಿಕೊಂಡೆ.

ಲೀ ಅಜ್ಜಿ ದಿನಾ ಸಂಜೆ ಅದೇ ಕಾರಿಡಾರಿನಲ್ಲಿ ವ್ಯಾಯಾಮ ಮಾಡುತ್ತಾರೆ. ಅವರದ್ದು ಹಿಂದಕ್ಕೆ ನಡೆಯುವ ವ್ಯಾಯಾಮ. ಕತ್ತಿಗೆ ಬಿಸಿನೀರಿನ ಫ್ಲಾಸ್ಕು ನೇತುಹಾಕಿಕೊಂಡು, ಎಡಗೈಯಿಂದ ಬಲ ತೋಳಿಗೆ, ಬಲಗೈಯಿಂದ ಎಡ ತೋಳಿಗೆ ಪಟಪಟ ಹೊಡೆದುಕೊಳ್ಳುತ್ತಾ ಲಿಫ್ಟಿನಿಂದ ಕಸದ ಕೊಠಡಿಯವರೆಗೆ ಹಿಮ್ಮುಖವಾಗಿ ಹೋಗುತ್ತಾರೆ. ಮೊಣಕಾಲಿಗೆ ಒಳ್ಳೆಯದಂತೆ. ನಾನು ಅದನ್ನೇ ಹಿಡಿದೆ. ಬೆನ್ನು ಬಗ್ಗಿಸಿದೆ, ನೀರಿನ ಬಾಟಲಿ ಕತ್ತಿಗೆ ಕಟ್ಟಿದೆ, ತೋಳಿಗೆ ಹೊಡೆದುಕೊಳ್ಳುತ್ತಾ ಹಿಂದಕ್ಕೆ ನಡೆದೆ. ಒಂದೊಂದು ಏಟಿಗೂ ಒಬ್ಬೊಬ್ಬ ರೌಡಿಯನ್ನು ಕೊಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. "ಒನ್ಸ್ ಮೋರ್ ಅಂಕಲ್!" ಎಂದರು. ಅಂಕಲ್ ಅಂದದ್ದು ಬೇಸರವಾದರೂ ಒನ್ಸ್ ಮೋರ್ ಬಿಡಲಾಗಲಿಲ್ಲ.

ಹಿಂದಕ್ಕೆ ನಡೆಯುವವನಿಗೆ ಹಿಂದೆ ಯಾರು ನಿಂತಿದ್ದಾರೆಂದು ತಿಳಿಯುವುದಿಲ್ಲ. ಮಕ್ಕಳ ನಗು ಫಕ್ಕನೆ ನಿಂತಿತು. ನನ್ನ ಬೆನ್ನಿಗೆ ಏನೋ ಗಟ್ಟಿಯಾದದ್ದು ತಗುಲಿತು. ತಿರುಗಿದರೆ ಫ್ಲಾಸ್ಕು. ಫ್ಲಾಸ್ಕಿನ ಹಿಂದೆ ಲೀ ಅಜ್ಜಿ.

ಅವರು ನನ್ನ ಕತ್ತಿನ ಬಾಟಲಿಯನ್ನು ನೋಡಿದರು. ನಗುತ್ತಿದ್ದ ಮಕ್ಕಳಲ್ಲಿ ತಮ್ಮ ಮೊಮ್ಮಗನೂ ಇದ್ದದ್ದನ್ನು ನೋಡಿದರು. ಅವನ ಕೈ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಸಂಜೆ ಕಾರಿಡಾರಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತಿಗೆ ಬಾಗಿಲು ತಟ್ಟಿದಾಗ ಮಗಳು ಬಂದು, ಅಮ್ಮನಿಗೆ ಹುಷಾರಿಲ್ಲ, ಮಗುವಿಗೆ ಬೇರೆ ಏನಾದರೂ ಏರ್ಪಾಡು ಮಾಡಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ಕಳುಹಿಸಿದಳು.

ಮಹಡಿಯ ಮಕ್ಕಳಿಂದ ವಿಷಯವೆಲ್ಲ ತಿಳಿದಿದ್ದ ಅತ್ತಿಗೆ ಬಂದು ಸೋಫಾದ ಮೇಲೆ, ಅಂದರೆ ನನ್ನ ಹಾಸಿಗೆಯ ಮೇಲೆ, ಕೂತರು. ಕಿರುಚಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ನಿಂಗೆ ಅದು ಐದು ನಿಮಿಷದ ತಮಾಷೆ," ಎಂದರು. "ಸೋಮವಾರ ನಾನು ಶಾಲೆಗೆ ಹೋಗ್ಲಿಕ್ಕುಂಟು. ಈಗ ಇವಳನ್ನು ಯಾರ ಹತ್ರ ಬಿಡುದು? ನಿನ್ನ ಹತ್ರವಾ?"

ಅಣ್ಣ ಪೇಪರಿನ ಹಿಂದಿನಿಂದ, "ಅವನನ್ನೇ ಯಾರಾದ್ರೂ ನೋಡಿಕೊಳ್ಬೇಕು," ಎಂದ.

ನಾನು ಅಶ್ರಫನಿಗೆ ಫೋನ್ ಮಾಡಿದೆ. ಕಷ್ಟಕಾಲದಲ್ಲಿ ವಾಚಿನಂಗಡಿಯವನ ಸಲಹೆ ಕೇಳುವುದು ನನ್ನ ಎರಡನೆಯ ತಪ್ಪು. "ನೋಡು ಮಾರಾಯ, ಗಿರಾಕಿ ವಾಚು ತಿರುಗಿ ತಂದ್ರೆ ನಾವು ಸಾರಿ ಹೇಳುದಿಲ್ಲ," ಎಂದ. "ಇದು ಆ ಮಾಡೆಲ್ ಅಲ್ಲ, ಬೇರೆ ಮಾಡೆಲ್ ಅಂತ ಹೇಳುದು. ಅಜ್ಜಿಗೂ ಹಾಗೇ ಹೇಳು. ನಿಮ್ಮನ್ನಲ್ಲ, ಸಿನಿಮಾದ ಅಜ್ಜಿಯನ್ನು ಮಾಡಿದ್ದು ಅಂತ."

ಅದ್ಭುತ ಎನಿಸಿತು. ಹೋಗಿ ಬಾಗಿಲು ತಟ್ಟಿ, ಫೋನಿನ ಮುಂದೆ ಹಾಗೆಯೇ ಹೇಳಿದೆ. ಅಜ್ಜಿ ಕೇಳಿಸಿಕೊಂಡರು. ಸ್ವಲ್ಪ ಯೋಚಿಸಿ ಏನೋ ಹೇಳಿದರು. ಫೋನು ಉಚ್ಚರಿಸಿತು: "ಆ ಚಲನಚಿತ್ರವನ್ನು ನಾನು ನೋಡಲು ಬಯಸುತ್ತೇನೆ."

ಶನಿವಾರ ಅಹನಾಳನ್ನು ಅಣ್ಣನ ಕೈಗಿತ್ತು ಅಜ್ಜಿ, ಅತ್ತಿಗೆ, ನಾನು ಮೂವರೂ ಮೆಟ್ರೋ ಹತ್ತಿದೆವು. ಅಜ್ಜಿ ತಲೆಗೂದಲು ನುಣ್ಣಗೆ ಬಾಚಿ, ಕೆಂಪು ಜಾಕೆಟ್ ತೊಟ್ಟಿದ್ದರು. ಥಿಯೇಟರಿನಲ್ಲಿ ನಾನು ಅವರಿಬ್ಬರ ನಡುವೆ ಕೂತೆ. ದೀಪ ಆರಿತು, ಮೊದಲ ರೌಡಿ ಸತ್ತ, ಎರಡನೆಯವನು ಬಂದ. ಅತ್ತಿಗೆ ನನ್ನ ಕಿವಿಯಲ್ಲಿ, "ಎಲ್ಲಿ ಹಿಂದೆ ನಡೆಯುದು?" ಎಂದರು.

"ಬರ್ತದೆ ಅತ್ತಿಗೆ. ಇಂಟರ್ವಲ್ ಆದ ಮೇಲೆ."

ಇಲ್ಲಿ ಇಂಥ ಸಿನಿಮಾಗಳಿಗೆ ಇಂಟರ್ವಲ್ಲೇ ಇಲ್ಲವೆಂದು ನನಗೆ ಆಮೇಲೆ ನೆನಪಾಯಿತು. ಪರದೆಯ ಮುದುಕಿ ನೆಟ್ಟಗೆ ನಿಲ್ಲುತ್ತಿದ್ದಳು, ನೆಟ್ಟಗೆ ನಡೆಯುತ್ತಿದ್ದಳು, ಅದೂ ಮುಂದಕ್ಕೇ. ಅವಳ ಕತ್ತಿಗೆ ಒಂದು ಸರ ಕೂಡ ಇರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಒಬ್ಬ ನಟಿಯನ್ನು, ದಯವಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಇಡು ತಾಯೀ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪಕ್ಕದಲ್ಲಿ ಲೀ ಅಜ್ಜಿ ಮಾತ್ರ ನಗುತ್ತಿದ್ದರು. ನಾವು ಕೆಳಗಿನ ಇಂಗ್ಲಿಷ್ ಸಾಲು ಓದಿ ಮುಗಿಸುವ ಮೊದಲೇ ನಗುತ್ತಿದ್ದರು. ಏನೂ ತಮಾಷೆ ಇಲ್ಲವೆಂದು ನಾವು ಅಂದುಕೊಂಡ ಕಡೆಯೂ ನಗುತ್ತಿದ್ದರು. ಹೆಣಕ್ಕೆ ತೊಡಿಸಿದ ಕೋಟನ್ನು ಗಿರಾಕಿಯೊಬ್ಬ ಮುಟ್ಟಿ, ಭುಜ ಸ್ವಲ್ಪ ಸಡಿಲವಾಯಿತಲ್ಲ ಎಂದಾಗ ಅವರಿಗೆ ಕಣ್ಣಲ್ಲಿ ನೀರೇ ಬಂತು.

ವಾಪಸು ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಅತ್ತಿಗೆ ಫೋನು ಹಿಡಿದು, "ಚಿತ್ರ ತಮಗೆ ಇಷ್ಟವಾಯಿತೇ?" ಎಂದು ಕೇಳಿದರು. ಉತ್ತರ ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಬಂತು: "ಇಷ್ಟವಾಯಿತು. ಆದರೆ ಶವವನ್ನು ಆ ರೀತಿ ನೇತುಹಾಕಿದರೆ ಕೋಟು ಹಾಳಾಗುತ್ತದೆ." ಸೂಟ್‌ಕೇಸ್ ಹಿಡಿದಿದ್ದ ಒಬ್ಬರು ಕನ್ನಡ ಬಲ್ಲವರಿರಬೇಕು, ಮುಂದಿನ ಡಬ್ಬಿ ನಿಲ್ಲುವ ಕಡೆಗೆ ಸರಿದರು.

ಆಮೇಲೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಫೋನು ನನ್ನ ಕೈಗೆ ಬಂತು. ನನಗೆ ಎಷ್ಟೋ ಜನರ ಧ್ವನಿ ಬರುತ್ತದೆ, ಆದರೆ ಕ್ಷಮೆ ಕೇಳುವ ಧ್ವನಿ ಯಾರದ್ದೆಂದು ಹೊಳೆಯಲಿಲ್ಲ. ಅಣ್ಣನದ್ದು ಆಗದು, ಮ್ಯಾನೇಜರದ್ದು ಮೊದಲೇ ಆಗದು. ಕೊನೆಗೆ ಒಂದು ಸೊರಗಿದ, ಕೀರಲು ಧ್ವನಿ ಹೊರಬಂತು. ನನ್ನದೇ ಇರಬೇಕು.

"ಅದು ಸಿನಿಮಾದ ಅಜ್ಜಿ ಅಲ್ಲ. ನಿಮ್ಮನ್ನೇ ಅಣಕಿಸಿದ್ದು. ತಪ್ಪಾಯಿತು. ನನ್ನ ಮೇಲಿನ ಸಿಟ್ಟಿಗೆ ಅತ್ತಿಗೆಯ ಕೆಲಸ ಹೋಗುವುದು ಬೇಡ."

ಫೋನು ಅದನ್ನು ಚೀನೀ ಭಾಷೆಯಲ್ಲಿ, ನನಗಿಂತ ಎಷ್ಟೋ ಘನತೆಯಿಂದ ಹೇಳಿತು. ಅತ್ತಿಗೆ ಹಳಿಗಳ ಕಡೆ ನೋಡುತ್ತಿದ್ದರು. ಅಜ್ಜಿ ಫೋನನ್ನು ತೆಗೆದುಕೊಂಡು, ಮುಖದ ಒಂದು ಗೆರೆಯೂ ಅಲ್ಲಾಡದಂತೆ, ನಿಧಾನವಾಗಿ ಮಾತಾಡಿದರು. ವಾರ್ತೆಯ ಧ್ವನಿ ನಮಗೆ ಓದಿ ಹೇಳಿತು:

"ಸೋಮವಾರ ಮಗುವನ್ನು ಕಳುಹಿಸಿ, ಸಹೋದರಿ. ಸಂಜೆ ಈ ಹುಡುಗನನ್ನೂ ಕಳುಹಿಸಿ. ಇಬ್ಬರಿಗೂ ಇನ್ನೂ ನಡೆಯಲು ಬರುವುದಿಲ್ಲ."