ಬಟ್ಟೆ ಒಗೆಯುವ ಪಾಳಿ

ಆ ಹುಡುಗಿ ನಿಜವಾಗಿ ಎದ್ದು ನಿಂತು ಕೇಳಿದಳೋ, ಅಥವಾ ಇಷ್ಟು ವರ್ಷ ಮಂದಿಗೆ ಹೇಳಿ ಹೇಳಿ ನಾನೇ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದೇನೋ, ಈಗ ಖಾತ್ರಿಯಿಲ್ಲ. ಎಪ್ಪತ್ತರ ದಶಕದ ಕೊನೆ ಇರಬೇಕು. ಮುಂಡಗೋಡದ ಬಸ್ಸಿಳಿದು ಎರಡು ಮೈಲಿ ನಡೆಯಬೇಕಾದ ಹಳ್ಳಿಯಲ್ಲಿ ನಾನು ಇಂಗ್ಲಿಷ್ ಮಾಸ್ತರ, ಅದೂ ಹಂಗಾಮಿ. ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಪಾಠ ನೋಡಿ ಚೊಲೋ ಅಂತ ಬರೆದರೆ ಕೆಲಸ ಕಾಯಂ. ಇಲ್ಲವಾದರೆ ಅಣ್ಣನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗಬೇಕು. ಇಂಗ್ಲಿಷ್ ಬರುತ್ತದೆಂದು ಊರೆಲ್ಲ ಮೆರೆದವನು ಬೆಲ್ಲ ತೂಗಿದರೆ ನೊಣಗಳೂ ನಕ್ಕಾವು.

ಸಾಹೇಬರಿಗೆಂದು ಮೈಸೆಲ್ಫ್, ಯುವರ್‌ಸೆಲ್ಫ್ ಪಾಠ ಆರಿಸಿಕೊಂಡೆ. ಅಭಿನಯ ಮಾಡಿ ಕಲಿಸಬಹುದು, ಮಾತು ಕಡಿಮೆ. ನನ್ನ ಇಂಗ್ಲಿಷಿಗೂ ಅದೇ ಕ್ಷೇಮ. ಎಂಟು ದಿನ ಮಗ್ಗಿಯಂತೆ ಹೇಳಿಸಿದೆ: ಐ ಬಂದರೆ ಮೈಸೆಲ್ಫ್, ಶಿ ಬಂದರೆ ಹರ್‌ಸೆಲ್ಫ್, ಹಿ ಬಂದರೆ ಹಿಮ್‌ಸೆಲ್ಫ್. ಹಿಸ್‌ಸೆಲ್ಫ್ ಅಂದವನ ಅಂಗೈಗೆ ಛಡಿ. ಒಬ್ಬ ತನ್ನ ಕೆನ್ನೆಗೆ ತಾನೇ ಬಾರಿಸಿಕೊಂಡು 'ಐ ಬೀಟ್ ಮೈಸೆಲ್ಫ್' ಅಂದಾಗ ನನ್ನದೊಂದು ಕೆಲಸ ಹಗುರಾಯಿತೆಂದು ಹಿಗ್ಗಿದೆ. ಇನ್ನೊಂದು ನಿಯಮ: ಪ್ರಶ್ನೆ ಯಾರಿಗೇ ಬರಲಿ, ಉತ್ತರ ಇಡೀ ವರ್ಗದಿಂದ ಒಟ್ಟಿಗೇ ಬರಬೇಕು. ಗದ್ದಲದಲ್ಲಿ ತಪ್ಪು ಕೇಳಿಸುವುದಿಲ್ಲ.

ಆಗ ಮಾಸ್ತರರ ಮನೆಗೆಲಸ ಮಕ್ಕಳೇ ಮಾಡುವ ರೂಢಿ. ನೀರು ತರುವ ಪಾಳಿ, ಅಂಗಳ ಗುಡಿಸುವ ಪಾಳಿ, ಹಳ್ಳದ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಪಾಳಿ. ನಾವು ಅದನ್ನು ಗುರುಸೇವೆ ಅನ್ನುತ್ತಿದ್ದೆವು. ಪಾಳಿ ಅಂದಮೇಲೆ ತಿರುಗಬೇಕು. ಬಟ್ಟೆಯ ಪಾಳಿ ಮಾತ್ರ ಸಿದ್ದಿಯರ ಕೇರಿಯ ಮಾರ್ತಾಳ ಹತ್ತಿರ ಬಂದು ನಿಂತುಬಿಟ್ಟಿತ್ತು. ಗೌಡರ ಮಗನ ಪಾಳಿ ಯಾವುದಕ್ಕೂ ಬಂದ ನೆನಪಿಲ್ಲ. ಯಾಕೆಂದು ನಾನು ಕೇಳಿಕೊಳ್ಳಲಿಲ್ಲ. ಗೊತ್ತಿದ್ದದ್ದನ್ನು ಯಾರು ಕೇಳಿಕೊಳ್ಳುತ್ತಾರೆ?

ಆ ದಿನ ಪಾಠ ಸುಸೂತ್ರ ನಡೆಯಿತು. ಸಾಹೇಬರು ಖುಷಿಯಾಗಿ, "ಭಾಳ ಚೊಲೋ ಆತು. ಈಗ ನೀವ ನಿಮ್ಮ ಸರ್‌ಗ ಒಂದು ಪ್ರಶ್ನಿ ಕೇಳ್ರಿ ನೋಡೂಣು, ಇಂಗ್ಲಿಷಿನ್ಯಾಗ" ಅಂದರು.

ಮಾರ್ತಾ ಎದ್ದಳು. "ಸರ್, ಡು ಯು ವಾಷ್ ಯುವರ್ ಕ್ಲೋತ್ಸ್ ಯುವರ್‌ಸೆಲ್ಫ್?"

ಒಂದೂ ತಪ್ಪಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಇಡೀ ವರ್ಗ ನಿಯಮದ ಪ್ರಕಾರ ಕೂಗಿತು: "ನೋ ಸರ್!"

"ಹೌದೇನ್ರಿ ಮಾಸ್ತರ?"

"ಹುಡುಗ್ರು ಪ್ರೀತಿಲೆ ಮಾಡ್ತಾವ್ರಿ ಸಾಹೇಬ್ರ."

ಸಾಹೇಬರು ಅವಳತ್ತ ತಿರುಗಿದರು. "ಏನವಾ, ಪ್ರೀತಿಲೆ ಒಗೀತಿಯೇನು?"

"ಇಲ್ರಿ. ಸಬಕಾರ ಹಚ್ಚಿ ಒಗೀತೇನ್ರಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಣ್ಣಮುಂದೆ ಬೆಲ್ಲದ ಪೆಂಟೆಗಳು ಸಾಲಾಗಿ ನಿಂತವು. ಅಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು, ನಮ್ಮದೂ ಪ್ರಶ್ನೆಯಿದೆ ಎಂಬಂತೆ ಸಾಹೇಬರನ್ನೇ ನೋಡುತ್ತ ಕೈ ಎತ್ತಿದರು. ಬೆಳಿಗ್ಗೆ ಬಸ್ಸಿನಿಂದ ಎರಡು ಮೈಲಿ ಸಾಹೇಬರ ಟ್ರಂಕು, ಹಾಸಿಗೆ ಸುರುಳಿ ತಲೆಯ ಮೇಲೆ ಹೊತ್ತು ತಂದವರು ಆ ಇಬ್ಬರೇ. ಸಾಹೇಬರ ನಗು ಅಲ್ಲೇ ನಿಂತಿತು. "ಸಾಕು, ಸಾಕು. ಕೈ ಇಳಸ್ರಿ. ಪಾಠ ಮುಗೀತು" ಎಂದವರೇ ಪೆನ್ನು ತೆಗೆದು ಚೊಲೋ ಅಂತ ಬರೆದರು. ನಾನು ಕಾಯಂ ಆದೆ.

ಮಾರನೇ ದಿನದಿಂದ ನನ್ನ ಬಟ್ಟೆ ನಾನೇ ಒಗೆದುಕೊಂಡೆ ಎಂದು ಹೇಳಿ ಈ ಸಂಗತಿ ಮುಗಿಸುವುದು ನನ್ನ ವಾಡಿಕೆ. ಕೇಳಿದವರು ಮೆಚ್ಚುತ್ತಾರೆ. ಆದರೆ ಹಳ್ಳದ ಆ ಒಗೆಯುವ ಕಲ್ಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದಿಲ್ಲ. ನಿವೃತ್ತಿಯಾಗುವ ತನಕ ಬಿಳಿ ಬಟ್ಟೆ ತೊಟ್ಟೇ ಶಾಲೆಗೆ ಹೋದೆ, ಅದು ನೆನಪಿದೆ. ಒಗೆದವರು ಯಾರೋ, ಗೊತ್ತಿಲ್ಲ.