ನೀರುಗಂಟಿಯ ಹೊಸ ಪಾಸ್‌ವರ್ಡ್

ಇಷ್ಟಕ್ಕೆಲ್ಲ ಕಾರಣ ಒಂದು ಒದ್ದೆ ಬಟ್ಟೆ. ಹಿಂದಿನ ಸಂಜೆ ಊರಿನ ನೀರುಗಂಟಿ ಆ ಬಟ್ಟೆಯನ್ನು ಹಿಂಡಿ, ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ನಾಲ್ಕು ಅಂಕಿಗಳನ್ನು ಒರೆಸಿಬಿಟ್ಟಿದ್ದ. ಅದು ಅಲ್ಲಿನ ಕಂಪ್ಯೂಟರಿನ ಪಾಸ್‌ವರ್ಡ್. ಮೋಟಾರು ಹಾಕುವುದು, ಟ್ಯಾಂಕಿಗೆ ನೀರು ಏರಿಸುವುದು, ನೀರಿಗೆ ಕ್ಲೋರಿನ್ ಬೆರೆಸುವುದು ಎಲ್ಲವೂ ಆ ಒಂದು ಕಂಪ್ಯೂಟರಿನಿಂದಲೇ ಆಗಬೇಕು. ಮರೆತೀತೆಂದು ಅವನು ಗೋಡೆಗೆ ಬರೆದದ್ದು ಬೀದಿಗೆಲ್ಲ ಬಾಯಿಪಾಠವಾಗಿತ್ತು. ಇಸ್ತ್ರಿ ಅಂಗಡಿಯವನು ನೀರು ಬೇಕೆನಿಸಿದಾಗ ತಾನೇ ಬಂದು ಮೋಟಾರು ಹಾಕುತ್ತಿದ್ದ. ಟ್ಯಾಂಕು ತುಂಬಿದ್ದು ಕಿಟಕಿಯಿಂದ ಕಂಡರೆ ಎದುರುಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಬಂದು ಆರಿಸುತ್ತಿದ್ದರು. ನಡುವಿನ ಹೊತ್ತಿನಲ್ಲಿ ನೀರುಗಂಟಿ ಮನೆಗೆ ಹೋಗಿ ಒಂದು ಸೊಗಸಾದ ನಿದ್ದೆ ತೆಗೆದು ಬರುತ್ತಿದ್ದ.

ಅಂಥ ಸುಖವನ್ನು ಕೈಯಾರೆ ಒರೆಸಿಹಾಕಲು ಅವನಿಗೇನು ತಲೆ ಕೆಟ್ಟಿತ್ತೇ? ಇಲ್ಲ, ರಜೆ ಬೇಕಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಈಗ ಇಬ್ಬರ ಕೂದಲೂ ನರೆತಿತ್ತು, ಸಮುದ್ರ ಇದ್ದಲ್ಲೇ ಇತ್ತು. ಕೊನೆಗೆ ಈ ಸಲ ಮೇಲಿನ ಸಾಹೇಬರು ಬಾಯಿಬಿಟ್ಟು ಹೇಳಿದ್ದರು: “ನಾಳೆ ತಪಾಸಣೆಗೆ ಮೇಡಂ ಬರ್ತಾರೆ. ಯಾರಾದ್ರೂ ಕಂಪ್ಯೂಟರಿಗೆ ಕೈ ಹಾಕಿ ಕ್ಲೋರಿನ್ ಏರಿಸಿದ್ರೆ ಊರಿಗೆ ಊರೇ ಆಸ್ಪತ್ರೆ ಸೇರುತ್ತೆ, ಅದಕ್ಕೇ ಈಗ ಎಲ್ಲಾ ಕಟ್ಟುನಿಟ್ಟು. ಪಾಸ್‌ವರ್ಡ್ ಬದಲಾಯಿಸು, ಎಲ್ಲೂ ಬರೆದಿಡ್ಬೇಡ, ಯಾರಿಗೂ ಹೇಳ್ಬೇಡ. ತಪಾಸಣೇಲಿ ಪಾಸಾಗು, ವಾರ ರಜೆ ತಗೋ.” ಮರುದಿನ ಸಂಜೆಯ ಬಸ್ಸಿಗೆ ಎರಡು ಸೀಟು ಕಾದಿರಿಸಿಯೂ ಆಗಿತ್ತು.

ಹೊಸ ಪಾಸ್‌ವರ್ಡ್ ರೈಲಿನಷ್ಟು ಉದ್ದವಿತ್ತು. ಅಕ್ಷರ, ಅಂಕಿ, ನಡುವೆ ಒಂದು ನಕ್ಷತ್ರದ ಗುರುತು. ಬರೆದಿಡುವಂತಿಲ್ಲ ಎಂದಮೇಲೆ ಜಪ ಮಾಡದೆ ಬೇರೆ ದಾರಿಯೇನು? ಬೆಳಿಗ್ಗೆ ಹಲ್ಲುಜ್ಜುವಾಗ, ಸ್ನಾನ ಮಾಡುವಾಗ, ತಿಂಡಿ ತಿನ್ನುವಾಗ ಅವನ ತುಟಿ ಆಡುತ್ತಲೇ ಇತ್ತು.

“ಏನ್ರೀ ಅದು ಗೊಣಗಾಟ?” ಎಂದಳು ಹೆಂಡತಿ.

“ಏನಿಲ್ಲ ಕಣೇ. ನೀನು ಬಟ್ಟೆ ತುಂಬಿಸು.”

ಅವಳು ಅವನ ಬಾಯನ್ನೇ ಒಂದು ಗಳಿಗೆ ನೋಡಿ ಚೀಲಕ್ಕೆ ಬಟ್ಟೆ ತುಂಬಿಸಲು ಹೋದಳು.

ಪಂಪ್‌ಹೌಸಿನ ಬಾಗಿಲಲ್ಲಿ ಇಸ್ತ್ರಿ ಅಂಗಡಿಯವನು ಆಗಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. “ಅಲ್ಲಣ್ಣ, ಗೋಡೆ ಬೋಳಾಗಿದೆ. ಹಳೇ ನಂಬರ್ ಒತ್ತಿದ್ರೆ ಯಂತ್ರ ಬೈಯುತ್ತೆ. ಹೊಸದು ಏನಿಟ್ಟಿದೀಯ?”

“ಅದನ್ನ ಹೇಳೋ ಹಾಗಿಲ್ಲ.”

“ನನಗೂನಾ?”

“ನಿನಗೂ.”

ಇಸ್ತ್ರಿಯವನಿಗೆ ಬೇಕಿದ್ದದ್ದು ನೀರು. ಆದರೆ ಹೇಳುವುದಿಲ್ಲ ಎಂದ ಕೂಡಲೇ ನೀರಿನ ಆಸೆ ಹೋಗಿ ಗುಟ್ಟಿನ ಆಸೆ ಹತ್ತಿಕೊಂಡಿತು. ಅವನಿಂದ ಅದು ಬೀದಿಗೆಲ್ಲ ಹರಡಿತು. ಹೆಂಡತಿಯ ಹೆಸರಿರಬಹುದೆಂದು ಕೆಲವರು, ಅಲ್ಲ, ಹೆಂಡತಿಗೆ ಗೊತ್ತಾಗಬಾರದ ಹೆಸರೇ ಇರಬೇಕೆಂದು ಕೆಲವರು. ನೀರುಗಂಟಿಯ ಭಾಮೈದನಂತೂ ಕೆಲಸ ಬಿಟ್ಟು ಓಡಿ ಬಂದ.

“ಭಾವ, ನಾನೇನು ಹೊರಗಿನವನಾ? ಮೊದಲ ಅಕ್ಷರ ಹೇಳಿ ಸಾಕು.”

“ಆಗಲ್ಲ ಕಣಯ್ಯಾ.”

“ಹೋಗಲಿ, ಕೊನೇದು?”

ನೀರುಗಂಟಿ ತುಟಿ ಬಿಗಿಹಿಡಿದ. ಎದೆಯಲ್ಲಿ ಮಾತ್ರ ಒಂಥರಾ ಹಿಗ್ಗು. ಇಷ್ಟು ವರ್ಷ ನಲ್ಲಿಯಲ್ಲಿ ನೀರು ಬರದಿದ್ದಾಗ ಮಾತ್ರ ಅವನನ್ನು ನೆನೆಯುತ್ತಿದ್ದ ಜನ ಇವತ್ತು ಅವನ ಬಾಯಿಂದ ಒಂದು ಅಕ್ಷರ ಉದುರೀತೇ ಎಂದು ಕಾದು ನಿಂತಿದ್ದರು.

ಮಧ್ಯಾಹ್ನ ಅವನು ಮೋಟಾರು ಹಾಕಿ, ವಾಲ್ವ್ ನೋಡಿ ಬರಲು ಹಿತ್ತಲಿಗೆ ಹೋದ. ಅದೇ ಸಮಯಕ್ಕೆ ಕಾದಿದ್ದ ಮೇಷ್ಟ್ರು ಒಳಗೆ ನುಗ್ಗಿ ಕುರ್ಚಿ ಎಳೆದುಕೊಂಡರು. ಬೆಳಿಗ್ಗೆಯಿಂದ ಲೆಕ್ಕ ಹಾಕಿದ್ದ ಮೂರು ಊಹೆಗಳು ಅವರ ಬಳಿ ಇದ್ದವು. ಮೂರೂ ತಪ್ಪಾದವು. ಕಂಪ್ಯೂಟರು ಒಮ್ಮೆ ಕೂಗಿಕೊಂಡು, ಅರ್ಧ ಗಂಟೆ ಯಾರೂ ಮುಟ್ಟಕೂಡದೆಂದು ಬೀಗ ಹಾಕಿಕೊಂಡು ಕೂತಿತು. ಮೋಟಾರು ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇತ್ತು.

“ಏನ್ ಮಾಡಿಬಿಟ್ರಿ ಮೇಷ್ಟ್ರೇ?” ಎನ್ನುತ್ತ ನೀರುಗಂಟಿ ಓಡಿ ಬಂದ.

“ಕುತೂಹಲ ತಡೆಯೋಕಾಗ್ಲಿಲ್ಲಪ್ಪ,” ಎಂದರು ಅವರು ಸಣ್ಣ ದನಿಯಲ್ಲಿ.

ಟ್ಯಾಂಕು ತುಂಬಿತು, ಉಕ್ಕಿತು. ಅದರ ಬುಡದಲ್ಲೇ ಇಸ್ತ್ರಿಯವನು ಊರಿನವರ ಬಿಳಿ ಹಾಸಿಗೆ ಬಟ್ಟೆಗಳನ್ನೆಲ್ಲ ಸಾಲಾಗಿ ಒಣಹಾಕಿದ್ದ. ನೀರುಗಂಟಿ ಸುರಿಯುವ ನೀರಿನಲ್ಲೇ ಎದ್ದು ಬಿದ್ದು ಓಡಿ, ಟ್ಯಾಂಕಿನಾಚೆಯ ಮೋಟಾರು ಶೆಡ್ಡಿನ ಮೇನ್ ಸ್ವಿಚ್ ಎಳೆಯುವ ಹೊತ್ತಿಗೆ ಅವೆಲ್ಲ ಹೊಸದಾಗಿ ಒಗೆದ ಹಾಗೆ ತೊಟ್ಟಿಕ್ಕುತ್ತಿದ್ದವು.

“ನನಗೆ ಪಾಸ್‌ವರ್ಡ್ ಹೇಳಿದ್ರೆ ನಾನು ಆವಾಗ್ಲೇ ಆರಿಸ್ತಿದ್ದೆ,” ಎಂದು ಇಸ್ತ್ರಿಯವನು ಅವನ ಕಾಲರಿಗೆ ಕೈ ಹಾಕಿದ. “ಈಗ ಹೇಳ್ತೀಯೋ ಇಲ್ವೋ?”

ಆ ಗದ್ದಲದ ನಡುವೆಯೇ ತಪಾಸಣೆಯ ಮೇಡಂ ಬಂದರು. ನೀರುಗಂಟಿ ತಲೆಯಿಂದ ಕಾಲಿನವರೆಗೆ ನೆನೆದಿದ್ದ, ಕಾಲರು ಇನ್ನೂ ಇಸ್ತ್ರಿಯವನ ಕೈಯಲ್ಲಿತ್ತು. ಕತೆ ಮುಗಿಯಿತು, ಸಮುದ್ರವೂ ಮುಗಿಯಿತು ಎಂದುಕೊಂಡ.

“ಇವರು ಯಾಕೆ ನಿಮ್ಮನ್ನ ಹಿಡ್ಕೊಂಡಿದಾರೆ?”

“ಪಾಸ್‌ವರ್ಡ್ ಹೇಳು ಅಂತ, ಮೇಡಂ.”

“ಹೇಳಿದ್ರಾ?”

“ಇಲ್ಲ, ಮೇಡಂ.”

ಅವರು ಜನರ ಕಡೆ ತಿರುಗಿದರು. “ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?”

“ಎಲ್ಲಿ ಹೇಳ್ತಾನೆ ಮೇಡಂ, ಮಹಾ ಗಟ್ಟಿಗ,” ಎಂದು ಬೀದಿಯೆಲ್ಲ ಒಂದೇ ದನಿಯಲ್ಲಿ ದೂರಿತು.

ಮೇಡಂ ಮುಖ ಅರಳಿತು. ಇಷ್ಟು ಊರು ಸುತ್ತಿದ್ದೇನೆ, ಇಂಥವರನ್ನು ನೋಡಿಲ್ಲ ಎಂದರು. ಕಂಪ್ಯೂಟರು ತಾನೇ ಬೀಗ ಹಾಕಿಕೊಂಡದ್ದನ್ನೂ, ಮೇನ್ ಸ್ವಿಚ್ ಕೈಯಿಂದಲೇ ಎಳೆದು ಮೋಟಾರು ನಿಲ್ಲಿಸಲು ಆದದ್ದನ್ನೂ ಮೆಚ್ಚಿಕೊಂಡರು. ಕ್ಲೋರಿನ್ ಸರಿಯಿತ್ತು. ಪಾಸ್ ಎಂದರು, ಅದೂ ಪೂರ್ತಿ ಅಂಕದಲ್ಲಿ.

“ಹಾಗಾದ್ರೆ ರಜೆ, ಮೇಡಂ? ಸಂಜೆ ಬಸ್ಸಿಗೆ ಹೊರಡ್ಬೇಕು.”

“ಧಾರಾಳವಾಗಿ ಹೋಗಿ. ಪಾಸ್‌ವರ್ಡ್ ಇನ್ನೊಬ್ಬರಿಗೆ ವಹಿಸಿ ಹೋಗಿ, ಅಷ್ಟೇ. ಆದರೆ ಗೊತ್ತಿರೋರು ಹಗಲೂ ರಾತ್ರಿ ಈ ಕುರ್ಚಿಯಲ್ಲೇ ಇರ್ಬೇಕು. ನೀರಿಗೆ ಏನಾದ್ರೂ ಆದ್ರೆ ಮೊದಲು ಅವರನ್ನೇ ಹಿಡಿಯೋದು.” ಎಲ್ಲರಿಗೂ ಕೇಳುವಂತೆ ಹೇಳಿ ಮೇಡಂ ಜೀಪು ಹತ್ತಿದರು.

ನೀರುಗಂಟಿ ನಗುತ್ತ ಜನರ ಕಡೆ ತಿರುಗಿದ. ಅಲ್ಲಿ ಜನರೇ ಇರಲಿಲ್ಲ.

ಇಸ್ತ್ರಿಯವನ ಅಂಗಡಿಗೆ ಓಡಿದ. “ಬಾರಯ್ಯ, ಹೇಳಿಬಿಡ್ತೀನಿ, ಕೇಳಿಸ್ಕೋ.” ಇಸ್ತ್ರಿಯವನು ರೇಡಿಯೊ ಸದ್ದು ಏರಿಸಿದ. ಮೇಷ್ಟ್ರ ಕಿಟಕಿ ತಟ್ಟಿದರೆ, “ನನಗೆ ಈಚೆಗೆ ಕಿವಿ ಮಂದ ಕಣಪ್ಪ,” ಎಂದು ಒಳಗಿನಿಂದಲೇ ಉತ್ತರ ಬಂತು. ಬೀದಿಯ ಕೊನೆಯಲ್ಲಿ ಭಾಮೈದ ಸಿಕ್ಕಿದ. “ಮೊದಲನೇ ಅಕ್ಷರ ಕೇಳಿದ್ಯಲ್ಲ...” ಎನ್ನುವಷ್ಟರಲ್ಲಿ ಅವನು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು, “ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳ್ಬೇಡಿ,” ಎಂದು ಓಟ ಕಿತ್ತ.

ಬಸ್ಸಿನ ಹೊತ್ತಾಯಿತು. ನೀರುಗಂಟಿ ಏದುಸಿರು ಬಿಡುತ್ತ ನಿಲ್ದಾಣಕ್ಕೆ ಬಂದ. ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಅವನ ಸೀಟಿನಲ್ಲಿ ಭಾಮೈದ, ಇನ್ನೂ ಕಿವಿ ಮುಚ್ಚಿಕೊಂಡೇ ಇದ್ದ.

“ನಿನಗಾದ್ರೂ ಹೇಳಿಬಿಡ್ಲೇನೇ?” ಎಂದ ಅಳುದನಿಯಲ್ಲಿ.

ಅವಳು ಕಿಟಕಿಯಿಂದ ಬಾಗಿ, ಗುಟ್ಟಾಗಿ ಅಂದಳು: “ಹಲ್ಲುಜ್ಜುವಾಗ ಅಷ್ಟು ಸಲ ಹೇಳ್ಕೊಂಡ್ರೆ ಗೊತ್ತಾಗದೆ ಇರುತ್ತಾ? ಬೆಳಿಗ್ಗೆನೇ ಗೊತ್ತಾಗಿತ್ತು. ನನಗೆ ಗೊತ್ತು ಅಂತ ನೀವು ಮಾತ್ರ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಂಡು ತಿನ್ನಿ.”

ಬಸ್ಸು ಹೊರಟಿತು. ನೀರುಗಂಟಿ ಪಂಪ್‌ಹೌಸಿಗೆ ಬಂದು ಕುರ್ಚಿಯಲ್ಲಿ ಕೂತ.

ಆ ಪಾಸ್‌ವರ್ಡ್ ಏನೆಂದು ನಿಮಗೂ ತಿಳಿಯುವ ಆಸೆ ಇರಬಹುದು. ನನ್ನನ್ನು ಕೇಳಬೇಡಿ. ಅವನು ನನ್ನ ಮನೆಗೂ ಬಂದಿದ್ದ, ನಾನು ಬಾಗಿಲು ತೆಗೆಯಲಿಲ್ಲ.